ಆಷಾಢದಲ್ಲಿ ಮಲಗಿದ ಬ್ಯಾಟರಿ ಗಾಡಿ

ದಾವಣಗೆರೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಟ್ರ್ಯಾಕ್ಟರ್, ಲಾರಿ, ಇನ್ವರ್ಟರ್ ಇವೇ ನನ್ನ ಹೊಟ್ಟೆಪಾಡು. ನಮ್ಮೂರಲ್ಲಿ ಗಾಲ್ಫ್ ಆಡುವವರನ್ನು ನಾನಂತೂ ಕಂಡಿಲ್ಲ, ಆದರೆ ಗಾಲ್ಫ್ ಗಾಡಿ ಬಂದಿದೆ. ಊರಾಚೆಯ ದೊಡ್ಡ ಕಲ್ಯಾಣ ಮಂಟಪದಲ್ಲಿ ಗೇಟಿನಿಂದ ಊಟದ ಹಾಲಿನವರೆಗೆ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಹೋಗಲಿಕ್ಕೆ.

ಶ್ರಾವಣ ಹುಟ್ಟಿದ ವಾರ ಆ ಮಂಟಪದ ಮ್ಯಾನೇಜರ್ ಫೋನ್ ಮಾಡಿದರು. "ಅಣ್ಣಾ, ಗಾಡಿ ಏಳವಲ್ದು. ಚಾರ್ಜರ್ ಹಾಕಿದ್ರೂ ಲೈಟ್ ಹತ್ತಂಗಿಲ್ಲ. ಬುಧವಾರ ಬಿಟ್ಟು ಮುಂದಿನ ಬುಧವಾರ ಮದುವಿ ಐತಿ."

ಹೋಗಿ ಸೀಟು ಎತ್ತಿದೆ. 8 ವೋಲ್ಟಿನ ಆರು ಬ್ಯಾಟರಿ, ಒಟ್ಟು 48. ಮೀಟರ್ ಇಟ್ಟರೆ ಆರೂ ಸೇರಿ 32.8. ಕಾರಣ ಕೇಳಿದ್ದಕ್ಕೆ ಡ್ರೈವರ್ ಹುಡುಗ ನೆಲ ನೋಡಿದ. ಜ್ಯೇಷ್ಠದ ಕೊನೆಯ ಮದುವೆ ಮುಗಿಸಿ ನಿಲ್ಲಿಸಿದವನು ಕೀಲಿಯನ್ನು ಆನ್‌ನಲ್ಲೇ ಬಿಟ್ಟಿದ್ದ. ಆಷಾಢದಲ್ಲಿ ಮದುವೆ ಇಲ್ಲ, ಗಾಡಿಯ ಕಡೆ ಯಾರೂ ತಿರುಗಿ ನೋಡಿಲ್ಲ. ಈಗಿನ ಚಾರ್ಜರ್‌ಗಳದ್ದು ಇನ್ನೊಂದು ತಂಟೆ: ವೋಲ್ಟೇಜ್ ಇಷ್ಟು ಕೆಳಗಿಳಿದರೆ ಎದುರಿಗೆ ಬ್ಯಾಟರಿ ಇದೆ ಅಂತಲೇ ಅವು ಒಪ್ಪುವುದಿಲ್ಲ, ಸುಮ್ಮನೆ ಕೂತುಬಿಡುತ್ತವೆ. ಬೇರೊಬ್ಬರು ಬಂದು ನೋಡಿ "ಆರೂ ಹೊಸದು ಹಾಕಿಸ್ರಿ" ಅಂದು ಹೋಗಿದ್ದರಂತೆ. ನಾನು ಐದು ದಿನ ಕೇಳಿದೆ.

ಆರನ್ನೂ ಬಿಚ್ಚಿ ಅಂಗಡಿಗೆ ತಂದೆ. ಪ್ರತಿಯೊಂದನ್ನೂ ಬೇರೆಬೇರೆಯಾಗಿಯೇ ಚಾರ್ಜ್ ಮಾಡಬೇಕು, ಸಾಲಾಗಿ ಹಾಕಿದರೆ ಯಾವುದು ಹೇಗಿದೆ ಗೊತ್ತಾಗುವುದಿಲ್ಲ. ಐದು ಬ್ಯಾಟರಿ ಐದೂವರೆ ಆರು ವೋಲ್ಟಿನ ಆಸುಪಾಸಿನಲ್ಲಿದ್ದವು, ಒಂದು ಮಾತ್ರ 3.9. ಮುಚ್ಚಳ ತೆಗೆದರೆ ಎರಡರಲ್ಲಿ ಒಳಗಿನ ಸೀಸದ ಪ್ಲೇಟಿನ ತಲೆ ಆಸಿಡ್ ನೀರಿನಿಂದ ಮೇಲೆ ಕಾಣುತ್ತಿತ್ತು. ಪ್ಲೇಟು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಬಿಟ್ಟೆ. ಚಾರ್ಜ್ ಆಗುತ್ತಾ ನೀರು ಏರುತ್ತದೆ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಹೊರಗೆ ಬರುತ್ತದೆ. ಪೂರ್ತಿ ತುಂಬಿಸುವುದು ಕೊನೆಗೆ.

ಗ್ರಾವಿಟಿ, ಅಂದರೆ ಬ್ಯಾಟರಿ ನೀರಿನಲ್ಲಿರುವ ಆಸಿಡ್ಡಿನ ಗಟ್ಟಿತನ, ಕಡಿಮೆ ಬಂತೆಂದು ಆಸಿಡ್ ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಸಿಡ್ ಎಲ್ಲೂ ಹೋಗಿರುವುದಿಲ್ಲ. ಡಿಸ್ಚಾರ್ಜ್ ಆದಾಗ ಅದು ಪ್ಲೇಟಿನ ಸೀಸದ ಜೊತೆ ಸೇರಿ ಸಲ್ಫೇಟ್ ಆಗಿ ಕೂತಿರುತ್ತದೆ. ಚಾರ್ಜ್ ಮಾಡಿದರೆ ತಿರುಗಿ ನೀರಿಗೆ ಬರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಆ ಸಲ್ಫೇಟ್ ಹರಳುಗಟ್ಟಿ ಬಿಗಿಯುತ್ತದೆ. ಆಗ ಬಿಡಿಸುವುದು ಕಷ್ಟ.

ನನ್ನ ಹತ್ತಿರ ಬ್ಯಾಟರಿಗೊಂದರಂತೆ ಹಾಕಲು ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗಳಿವೆ. ಅವಕ್ಕೆ ಬುದ್ಧಿ ಇಲ್ಲ, ಹೇಳಿದಷ್ಟು ಕರೆಂಟು ತಳ್ಳುತ್ತವೆ. ಈ ಕೆಲಸಕ್ಕೆ ಬೇಕಾದದ್ದೂ ಅದೇ. ಮೊದಲ ಬ್ಯಾಟರಿಗೆ ಕ್ಲಿಪ್ ಹಾಕಿದಾಗ ಅರ್ಧ ಆಂಪಿಯರ್ ಕೂಡ ಎಳೆಯಲಿಲ್ಲ, ವೋಲ್ಟೇಜ್ ಮಾತ್ರ 11ರ ಮೇಲೆ ಹಾರಿತು. ಹೊಸಬರು ಇಲ್ಲೇ ಹೆದರಿ ಕೈಬಿಡುತ್ತಾರೆ. ಬಿಡದೆ ಕಾದೆ. ಮೂರು ಗಂಟೆ ಕಳೆಯುವ ಹೊತ್ತಿಗೆ ವೋಲ್ಟೇಜ್ ತಾನಾಗಿ ಇಳಿಯತೊಡಗಿತು, ಆಂಪಿಯರ್ ಮುಳ್ಳು ಏರಿತು. ಹರಳು ಕರಗುತ್ತಿದೆ ಅಂತ ಅರ್ಥ. ಆಮೇಲೆ 5 ಆಂಪಿಯರ್‌ಗೆ ಇಟ್ಟು ಒಂದೂವರೆ ದಿನ. ಅವಸರಕ್ಕೆ 20 ಆಂಪಿಯರ್ ಕೊಟ್ಟರೆ ಪ್ಲೇಟಿನ ಮೇಲಿನ ಪೇಸ್ಟ್ ಉದುರಿ ತಳ ಸೇರುತ್ತದೆ. ನೀರಿನ ಬಿಸಿ 45 ಡಿಗ್ರಿ ಮುಟ್ಟಿದಾಗೆಲ್ಲ ನಿಲ್ಲಿಸಿ ಆರಲು ಬಿಟ್ಟೆ.

ಗುಳ್ಳೆ ಏಳಲು ಶುರುವಾದರೆ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲ. ಷಟರ್ ಪೂರ್ತಿ ಮೇಲೆ, ಕಣ್ಣಿಗೆ ಕನ್ನಡಕ, ಬೀಡಿ ಸೇದುವವರು ರಸ್ತೆಯ ಆಚೆ. ಮೊದಲು ಚಾರ್ಜರ್ ಆಫ್, ಆಮೇಲೆ ಕ್ಲಿಪ್ ಕೀಳುವುದು. ಕೆಲಸ ಕಲಿಯುವ ಕಾಲದಲ್ಲಿ ನಾನು ಉಲ್ಟಾ ಮಾಡಿ, ಕಿಡಿ ಹಾರಿ ಬ್ಯಾಟರಿಯ ಮೇಲ್ಭಾಗವೇ ಸಿಡಿದಿತ್ತು. ಮುಖ ಉಳಿಯಿತು, ಅಂಗಿ ಮಾತ್ರ ಎರಡನೇ ಒಗೆತಕ್ಕೆ ಜರಡಿಯಾಯಿತು. ಅಂದಿನಿಂದ ಚೆಲ್ಲಿದ ಆಸಿಡ್ಡಿನ ಖಾರ ಮುರಿಯಲು ಅಡುಗೆ ಸೋಡದ ಡಬ್ಬಿ ಕೈಗೆ ಸಿಗುವಂತೆಯೇ ಇರುತ್ತದೆ.

ನಾಲ್ಕನೇ ದಿನ ಐದು ಬ್ಯಾಟರಿಗಳಲ್ಲಿ ಗ್ರಾವಿಟಿ 1240, 1250ಕ್ಕೆ ಬಂತು. ತಂದಾಗ 1110 ಇತ್ತು. ಹೊಸದಾದರೆ 1270ರ ಹತ್ತಿರ ಇರಬೇಕು, ಆದರೆ ಇಷ್ಟು ಬಂದದ್ದೇ ದೊಡ್ಡದು. ಒಂದೊಂದು ಬ್ಯಾಟರಿಯೊಳಗಿನ ನಾಲ್ಕು ಮನೆಗಳು, ಅಂದರೆ ಸೆಲ್ಲುಗಳು, ಸಮ ಆಗಲಿ ಅಂತ ಬ್ಯಾಟರಿಗೆ 10.4 ವೋಲ್ಟಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಗುಳ್ಳೆ ಏಳುವಂತೆ ಚಾರ್ಜ್ ಮಾಡಿದೆ. ಗಂಟೆಗೊಮ್ಮೆ ನೋಡಿ, ಮೂರು ಸಲವೂ ಗ್ರಾವಿಟಿ ಅಲುಗಾಡಲಿಲ್ಲ ಅಂದಾಗ ನಿಲ್ಲಿಸಿದೆ.

ಆರನೆಯದು ಬರಲಿಲ್ಲ. ಮೂರು ಸೆಲ್ಲು ಸರಿ, ನಾಲ್ಕನೆಯದರಲ್ಲಿ ಗುಳ್ಳೆಯೇ ಇಲ್ಲ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್‌ಗೆ ಎಳೆದರೆ ಕಂದು ಬಣ್ಣದ ಕೆಸರು. ಒಳಗೇ ಶಾರ್ಟ್ ಆಗಿದೆ, ವೋಲ್ಟೇಜ್ 6.4 ದಾಟುವುದಿಲ್ಲ. ಡಿಸ್ಟಿಲ್ಡ್ ವಾಟರ್ ಖಾಲಿಯಾದಾಗ ಹುಡುಗ ಅದಕ್ಕೆ ಬೋರ್‌ವೆಲ್ ನೀರು ಬಿಟ್ಟಿದ್ದನ್ನೂ ಆಮೇಲೆ ಒಪ್ಪಿಕೊಂಡ. ಮ್ಯಾನೇಜರ್ ಯಾವುದೋ ವಿಡಿಯೊ ತೋರಿಸಿ ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್ ಉಪ್ಪು) ಹಾಕೋಣವೇ ಅಂದರು. ಒಂದು ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕಿ ನೋಡಿದವನು ನಾನು. ಮೂರು ವಾರ ನಡೆದು ಮತ್ತೆ ಮಲಗಿತು. ಶಾರ್ಟ್ ಆದ ಸೆಲ್ಲಿಗಂತೂ ಯಾವ ಉಪ್ಪೂ ನಾಟುವುದಿಲ್ಲ.

ಹೊಸದೊಂದನ್ನು ಹಾಕಲು ಮನಸ್ಸು ಬರಲಿಲ್ಲ. ಐದು ಮುದಿ ಎತ್ತಿನ ಜೊತೆ ಒಂದು ಹೋರಿ ಕಟ್ಟಿದ ಹಾಗೆ, ಹಳೆಯವು ಬೇಗ ಖಾಲಿಯಾಗುತ್ತವೆ, ಹೊಸದು ಎಳೆಯುತ್ತಲೇ ಇರುತ್ತದೆ, ಖಾಲಿಯಾದ ಸೆಲ್ಲುಗಳು ತಿರುಗಾಮುರುಗಾ ಚಾರ್ಜ್ ಆಗಿ ಸಾಯುತ್ತವೆ. ನನ್ನಲ್ಲೇ ಬಿದ್ದಿದ್ದ ಅದೇ ವಯಸ್ಸಿನ ಹಳೆಯ ಬ್ಯಾಟರಿಯೊಂದು ಗ್ರಾವಿಟಿಯಲ್ಲಿ ಪಾಸಾಯಿತು, ಅದನ್ನೇ ಕೂರಿಸಿದೆ.

ಮದುವೆಗೆ ಎರಡು ದಿನ ಮುಂಚೆ ಆರು ಜನರನ್ನು ಕೂರಿಸಿ ಮಂಟಪದ ಸುತ್ತ ಓಡಿಸಿ ನೋಡಿದೆವು. ಮೊದಲು ದಿನವಿಡೀ ಬರುತ್ತಿದ್ದ ಗಾಡಿ ಈಗ ಮಧ್ಯಾಹ್ನದ ಪಂಕ್ತಿ ಏಳುವವರೆಗೆ ಬರುತ್ತದೆ, ಅಷ್ಟೇ. ಅದನ್ನು ಮುಚ್ಚಿಡದೆ ಹೇಳಿದೆ. ಕೀಲಿಯನ್ನು ಹುಡುಗನ ಕೈಯಿಂದ ತೆಗೆದು ಆಫೀಸಿನ ಮೊಳೆಗೆ ನೇತುಹಾಕಿಸಿದೆ.

ದುಡ್ಡಿನ ಲೆಕ್ಕದಲ್ಲಿ ಸತ್ತ ಬ್ಯಾಟರಿಯ ಗುಜರಿ ಬೆಲೆ ಕಳೆಯಬೇಕಿತ್ತು. ತಕ್ಕಡಿ 28 ಕಿಲೋ ತೋರಿಸಿತು. ನಾನು ಆಸಿಡ್ಡಿನ ತೂಕ ತೆಗೆಯಬೇಕು ಅಂದೆ. ಮ್ಯಾನೇಜರ್ ನಕ್ಕು, "ಅದು ನಮ್ಮ ಬೋರಿನ ನೀರಲ್ಲೇನ್ರಿ, ಅದಕ್ಕೂ ರೇಟ್ ಹಾಕ್ರಿ" ಅಂದರು.