ಮಲಪ್ರಭೆಯ ಜೊತೆ ಮೂರು ದಿನ: ಬೈಕ್ ಪ್ರವಾಸದ ದಾರಿ ಹೀಗೆ ಹಾಕಿಕೊಳ್ಳಿ

ಬೈಕ್ ಪ್ರವಾಸ ಅಂದ ಕೂಡಲೇ ಹೆಚ್ಚಿನವರು ಊರುಗಳ ಪಟ್ಟಿ ಬರೆಯಲು ಕೂರುತ್ತಾರೆ. ಪಟ್ಟಿ ಉದ್ದವಾದಷ್ಟೂ ನೋಡುವುದು ಕಮ್ಮಿ, ಓಡಿಸುವುದು ಜಾಸ್ತಿ. ಅದರ ಬದಲು ದಾರಿಗೆ ಒಂದು ಎಳೆ ಹುಡುಕಿ. ಹಳೆಯ ಕೋಟೆ, ಗುಡಿ, ಊರುಗಳೆಲ್ಲ ನೀರಿನ ಪಕ್ಕದಲ್ಲೇ ಬೆಳೆದಿರುವುದರಿಂದ ನದಿಗಿಂತ ಒಳ್ಳೆಯ ಎಳೆ ಇಲ್ಲ. ಇಲ್ಲಿ ಮಲಪ್ರಭೆಯನ್ನು ಹಿಡಿದು ಹೋಗೋಣ. ಅದು ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಕೃಷ್ಣೆಯನ್ನು ಸೇರುವುದು ಕೂಡಲಸಂಗಮದಲ್ಲಿ.

ಮೊದಲು ಋತು ನೋಡಿ. ಕಣಕುಂಬಿ ಪಶ್ಚಿಮ ಘಟ್ಟದ ಊರು. ಮಳೆಗಾಲದಲ್ಲಿ ಅಲ್ಲಿ ಮುಂದಿನ ತಿರುವೇ ಕಾಣುವುದಿಲ್ಲ. ಕೆಳಗಡೆಯ ಎರೆಮಣ್ಣಿನ ದಾರಿ ಇನ್ನೂ ಕಷ್ಟ. ಒದ್ದೆ ಎರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡರೆ ಚಕ್ರ ತಿರುಗುವುದೇ ನಿಲ್ಲುತ್ತದೆ, ಕಡ್ಡಿಯಲ್ಲಿ ಕೆರೆದು ತೆಗೆಯಬೇಕು. 2019ರ ಆಗಸ್ಟ್‌ನಲ್ಲಿ ಇದೇ ನದಿ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂದಿತ್ತು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ.

ಆಮೇಲೆ ದಿನದ ದೂರ. ಈ ಕಡೆಯ ಒಳರಸ್ತೆಗಳಲ್ಲಿ ಗಂಟೆಗೆ 40 ಕಿ.ಮೀ. ಲೆಕ್ಕ ಹಿಡಿಯಿರಿ, ಮ್ಯಾಪ್ ಏನೇ ಹೇಳಲಿ. ದಿನಕ್ಕೆ ಸುಮಾರು 150 ಕಿ.ಮೀ. ಸಾಕು. ಅಷ್ಟಾದರೆ ನಾಲ್ಕು ಗಂಟೆ ಸವಾರಿ, ಉಳಿದ ಬೆಳಕೆಲ್ಲ ನೋಡುವುದಕ್ಕೆ. ಇಳಿಸಂಜೆಯೊಳಗೆ ತಂಗುವ ಊರು ಸೇರುವಂತೆ ಲೆಕ್ಕ ಹಾಕಿ. ಇದು ಕಬ್ಬು ಕಟಾವಿನ ಕಾಲವೂ ಹೌದು. ಕತ್ತಲಾದ ಮೇಲೆ ಹಿಂದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ರಸ್ತೆಯಲ್ಲಿರುತ್ತವೆ, ಚಾಚಿಕೊಂಡ ಕಬ್ಬು ಹತ್ತಿರ ಹೋಗುವ ತನಕ ಕಾಣುವುದಿಲ್ಲ. ರಾತ್ರಿ ಸವಾರಿ ಬೇಡವೇ ಬೇಡ.

ಮೊದಲ ದಿನ. ಬೆಳಗಾವಿಯಿಂದ ಜಾಂಬೋಟಿ ಮೇಲೆ ಕಣಕುಂಬಿ. ಕಾಡಿನ ರಸ್ತೆ, ತಿರುವು ಜಾಸ್ತಿ, ನಿಧಾನ. ಅಲ್ಲಿಂದ ಗೋವಾ ಹತ್ತಿರ ಅಂತ ಆಸೆಯಾಗುತ್ತದೆ. ಹೋಗಬೇಡಿ, ಎಳೆ ತಪ್ಪುತ್ತದೆ. ಖಾನಾಪುರಕ್ಕೆ ಇಳಿದು ನಂದಗಡಕ್ಕೆ ಬನ್ನಿ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು, ಸಮಾಧಿಯೂ ಇಲ್ಲೇ ಇದೆ. ಹತ್ತಿರದ ಹಲಸಿ ಕದಂಬರ ಊರು. ಅಲ್ಲಿನ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು. ನಡುವೆ ನಿಂತು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿ ನೋಡಿ. ಬೀಡಿ ದಾಟಿ ಕಿತ್ತೂರಿಗೆ ಬಂದು ತಂಗಿ. ಅಲ್ಲಿ ವಸತಿ ಸಿಗದಿದ್ದರೆ ಧಾರವಾಡ ದೂರವಿಲ್ಲ.

ಎರಡನೇ ದಿನ. ಬೆಳಿಗ್ಗೆ ಕಿತ್ತೂರು ಕೋಟೆ. 1824ರ ಅಕ್ಟೋಬರ್‌ನಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತದ್ದು ಈ ಕೋಟೆಯ ಮುಂದಿನ ಕಾಳಗದಲ್ಲಿ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ನೋಡಿ ಸವದತ್ತಿಗೆ ಹೋಗಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಯಲ್ಲಮ್ಮನ ಗುಡ್ಡದ ದಾರಿ ತುಂಬಾ ಚಕ್ಕಡಿ, ಟ್ರ್ಯಾಕ್ಟರ್, ಕಾಲ್ನಡಿಗೆಯ ಭಕ್ತರು. ಜಾತ್ರೆ ನೋಡಬೇಕೆನ್ನುವವರು ಅದಕ್ಕೇ ಒಂದು ದಿನ ಎತ್ತಿಡಿ, ಉಳಿದವರು ಪಂಚಾಂಗ ನೋಡಿ ಹೊರಡಿ. ನವಿಲುತೀರ್ಥದ ಅಣೆಕಟ್ಟು, ಮುನವಳ್ಳಿ, ರಾಮದುರ್ಗ, ಕುಳಗೇರಿ ಕ್ರಾಸ್, ಬಾದಾಮಿ. ಪೆಟ್ರೋಲ್ ಅರ್ಧ ಟ್ಯಾಂಕಿಗೆ ಇಳಿದಾಗಲೇ ತುಂಬಿಸಿಕೊಳ್ಳಿ.

ಬಾದಾಮಿಯಲ್ಲಿ ಎರಡು ರಾತ್ರಿ ಉಳಿಯಿರಿ, ಮೂರನೇ ದಿನದ ಸುತ್ತಾಟವೆಲ್ಲ ಇಲ್ಲಿಂದಲೇ. ಸಂಜೆ ಮುಟ್ಟಿದವರು ಮೊದಲು ಅಗಸ್ತ್ಯ ತೀರ್ಥದ ಪೂರ್ವದ ದಂಡೆಗೆ ಹೋಗಿ. ಭೂತನಾಥ ಗುಡಿ ಪಡುವಣಕ್ಕೆ ಮುಖ ಮಾಡಿದೆ, ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಬೆಳಕು ಎಲ್ಲಿಂದ ಬೀಳುತ್ತದೆ ಅಂತ ನೋಡಿ ಗುಡಿಯ ಹೊತ್ತು ನಿಗದಿ ಮಾಡಿ, ಅದಕ್ಕೆ ತಕ್ಕಂತೆ ರಸ್ತೆಯ ಹೊತ್ತು. ದಾರಿ ಹಾಕುವುದರಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಗೊತ್ತಿಲ್ಲ.

ಮೂರನೇ ದಿನ. ಅದೇ ಕಾರಣಕ್ಕೆ ಪಟ್ಟದಕಲ್ಲಿಗೆ ಬೆಳಿಗ್ಗೆಯೇ ಹೋಗಬೇಕು. ಬಾದಾಮಿಯಿಂದ ಸುಮಾರು 22 ಕಿ.ಮೀ. ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮುಖ ಮೂಡಣಕ್ಕಿದೆ. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಕಟ್ಟಿಸಿದ್ದು. ಅದರ ಮೆಟ್ಟಿಲು ಮೆಟ್ಟಿಲಾದ ತೆಂಕಣದ ಶಿಖರ ನೋಡಿದ ಮೇಲೆ ಗಳಗನಾಥ ಗುಡಿಯ ಹತ್ತಿರ ಬನ್ನಿ. ಅಲ್ಲಿ ಶಿಖರ ಒಳಕ್ಕೆ ಬಾಗುತ್ತಾ ಏರುತ್ತದೆ, ಅದು ಬಡಗಣದ ಬಗೆ. ಒಂದೇ ಅಂಗಳದಲ್ಲಿ ಎರಡೂ ಇವೆ, ಯುನೆಸ್ಕೊ 1987ರಲ್ಲಿ ಪಟ್ಟಿಗೆ ಸೇರಿಸಿಕೊಂಡದ್ದು ಸುಮ್ನೆ ಅಲ್ಲ. ನಂತರ ಐಹೊಳೆ. ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಿಕೇಶಿಯ ಶಾಸನವಿದೆ, ಕಾಲ 634. ಗುಡ್ಡ ಹತ್ತಬೇಕು. ಬೂಟು ಬಿಗಿ ಇದ್ದರೆ ಚಪ್ಪಲಿ ಇಟ್ಟುಕೊಂಡಿರಿ. ಹೆಲ್ಮೆಟ್ಟು, ಜಾಕೆಟ್ಟನ್ನು ಗಾಡಿಗೆ ಬೀಗ ಹಾಕಿ ಕಟ್ಟುವ ವ್ಯವಸ್ಥೆ ಮನೆಯಲ್ಲೇ ಮಾಡಿಕೊಳ್ಳಿ, ಅವನ್ನು ಹೊತ್ತುಕೊಂಡು ಗುಡ್ಡ ಹತ್ತಿದರೆ ನೋಡುವ ಖುಷಿ ಹೋಗುತ್ತದೆ.

ಕೂಡಲಸಂಗಮವನ್ನು ಊರಿಗೆ ಮರಳುವ ದಿನಕ್ಕೆ ಇಡಿ. ಐಹೊಳೆ ದಾಟಿದರೆ ಅಮೀನಗಡ, ಕರದಂಟು ಕಟ್ಟಿಸಿಕೊಳ್ಳಿ. ಸಂಗಮದಲ್ಲಿ ಬಸವಣ್ಣನ ಐಕ್ಯಮಂಟಪಕ್ಕೆ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿದು ಹೋಗಬೇಕು. ಬೆಂಗಳೂರಿನ ಕಡೆಯವರಿಗೆ ಹುನಗುಂದದ ಮೇಲೆ ಹೊಸಪೇಟೆ, ಚಿತ್ರದುರ್ಗದ ಹೆದ್ದಾರಿ ಸಿಗುತ್ತದೆ. ದಾರಿಯಲ್ಲೇ ಇದೆ ಅಂತ ಹಂಪಿಯನ್ನು ಇದರಲ್ಲಿ ತುರುಕಬೇಡಿ. ಹೊಸಪೇಟೆಯಲ್ಲಿ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಚೈನಿಗೆ ಎಣ್ಣೆ ಹಾಕಿ, ಗಾಳಿ ನೋಡಿಕೊಂಡು ಹೊರಡಿ.