ಅಮೆರಿಕದಲ್ಲಿ ಮೊದಲ ಮನೆ: ಕೊಳ್ಳುವವರಿಗೆ ತಮ್ಮದೇ ಏಜೆಂಟ್ ಬೇಕೇ?

ಅಮೆರಿಕಕ್ಕೆ ಬಂದು ಕೆಲವು ವರ್ಷ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದು, ಈಗ ಸ್ವಂತ ಮನೆ ಕೊಳ್ಳಲು ಹೊರಟಿರುವ ಕನ್ನಡಿಗರು ಕೂಟದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಮನೆಗಳ ಫೋಟೊ, ಬೆಲೆ, ತೆರಿಗೆ, ಶಾಲೆಯ ವಿವರ ಎಲ್ಲವೂ ಜಿಲೋ, ರೆಡ್‌ಫಿನ್‌ಗಳಂಥ ಜಾಲತಾಣಗಳಲ್ಲೇ ಸಿಗುವಾಗ ನಮಗೆಂದು ಬೇರೆ ಏಜೆಂಟ್ ಏಕೆ ಬೇಕು? ಮನೆ ಹುಡುಕುವುದಕ್ಕೆ ಬೇಕಾಗಿಲ್ಲ, ನಿಜ. ಆದರೆ ಹುಡುಕುವುದು ಈ ವ್ಯವಹಾರದ ಅತ್ಯಂತ ಸುಲಭವಾದ ಭಾಗ. ಏಜೆಂಟ್ ಆಗಲಿ, ವಕೀಲರಾಗಲಿ, ಕಾನೂನಿನ ಪ್ರಕಾರ ನಿಮ್ಮ ಹಿತವನ್ನೇ ಕಾಯಬೇಕಾದ ಒಬ್ಬರು ಜೊತೆಗಿಲ್ಲದೆ ಮೊದಲ ಮನೆಯ ಕಾಗದಗಳಿಗೆ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಮೊದಲು ತಿಳಿಯಬೇಕಾದದ್ದು ಯಾರು ಯಾರ ಕಡೆಯವರು ಎಂಬುದನ್ನು. ಮನೆಯ ಮುಂದೆ ನೆಟ್ಟ ಬೋರ್ಡಿನಲ್ಲಿ ಹೆಸರಿರುವ ಲಿಸ್ಟಿಂಗ್ ಏಜೆಂಟ್ ಮಾರುವವರ ಪ್ರತಿನಿಧಿ; ಹೆಚ್ಚಿನ ಬೆಲೆ ಮತ್ತು ಮಾರುವವರಿಗೆ ಅನುಕೂಲವಾದ ಷರತ್ತುಗಳನ್ನು ತಂದುಕೊಡುವುದು ಅವರ ಕರ್ತವ್ಯ. ಭಾನುವಾರ ಮಧ್ಯಾಹ್ನ ಓಪನ್ ಹೌಸಿಗೆ, ಅಂದರೆ ಯಾರು ಬೇಕಾದರೂ ಬಂದು ನೋಡಲೆಂದು ತೆರೆದಿಟ್ಟ ಮನೆಗೆ, ಹೋದಾಗ ಅವರು ನಗುನಗುತ್ತಾ ಬರಮಾಡಿಕೊಂಡು, ಅಡುಗೆಮನೆ ತೋರಿಸುತ್ತಲೇ, ಈಗಿನ ಲೀಸ್ ಯಾವಾಗ ಮುಗಿಯುತ್ತದೆ, ಮಕ್ಕಳು ಯಾವ ತರಗತಿಯಲ್ಲಿದ್ದಾರೆ, ಬ್ಯಾಂಕ್ ಎಷ್ಟರವರೆಗೆ ಸಾಲ ಕೊಡಲು ಒಪ್ಪಿದೆ ಎಂದು ವಿಚಾರಿಸುತ್ತಾರೆ. ಮುಂದಿನ ತಿಂಗಳು ಲೀಸ್ ಮುಗಿಯುತ್ತದೆ, ಶಾಲೆ ಆರಂಭವಾಗುವುದರೊಳಗೆ ಮನೆ ಬೇಕು, ಏಳು ಲಕ್ಷ ಡಾಲರಿನವರೆಗೂ ಹೋಗಬಲ್ಲೆವು ಎಂದು ನಾವು ಸೌಜನ್ಯಕ್ಕಾಗಿ ಹೇಳಿಬಿಟ್ಟರೆ, ಚೌಕಾಸಿ ಮಾಡುವ ಶಕ್ತಿಯನ್ನು ಆ ಕ್ಷಣವೇ ಎದುರು ಪಕ್ಷಕ್ಕೆ ಒಪ್ಪಿಸಿದಂತೆ. ಅವರು ಮೋಸ ಮಾಡುತ್ತಿದ್ದಾರೆಂದಲ್ಲ, ತಮ್ಮ ಕಕ್ಷಿದಾರರ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ.

ಒಬ್ಬನೇ ಬ್ರೋಕರ್ ಎರಡೂ ಕಡೆಯವರನ್ನು ಕೂರಿಸಿ ವ್ಯವಹಾರ ಕುದುರಿಸುವುದನ್ನು ಊರಿನಲ್ಲಿ ನೋಡಿರುವ ನಮಗೆ ಲಿಸ್ಟಿಂಗ್ ಏಜೆಂಟರ ಮೂಲಕವೇ ಕೊಳ್ಳುವುದು ಸಹಜವೆನಿಸುತ್ತದೆ. ಇಲ್ಲಿ ಅದಕ್ಕೆ ಡ್ಯುಯಲ್ ಏಜೆನ್ಸಿ ಎನ್ನುತ್ತಾರೆ. ಅನೇಕ ರಾಜ್ಯಗಳು ಎರಡೂ ಪಕ್ಷದವರ ಲಿಖಿತ ಒಪ್ಪಿಗೆ ಇದ್ದರೆ ಅದಕ್ಕೆ ಅವಕಾಶ ಕೊಡುತ್ತವೆ, ಫ್ಲಾರಿಡಾ ಮತ್ತು ಕೊಲರಾಡೊಗಳಂಥ ಕೆಲವು ನಿಷೇಧಿಸಿವೆ. ಆದರೆ ಈ ಎರಡು ರಾಜ್ಯಗಳಲ್ಲಿರುವವರು ಇನ್ನೊಂದು ವಿಷಯವನ್ನೂ ಗಮನಿಸಬೇಕು: ಅಲ್ಲಿ ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ ನಿಮ್ಮೊಂದಿಗೆ ಓಡಾಡುವ ಏಜೆಂಟರನ್ನು ಟ್ರಾನ್ಸಾಕ್ಷನ್ ಬ್ರೋಕರ್ ಎಂದೇ ಪರಿಗಣಿಸಲಾಗುತ್ತದೆ, ಅಂದರೆ ಅವರು ವ್ಯವಹಾರವನ್ನು ಪ್ರಾಮಾಣಿಕವಾಗಿ ನಡೆಸಿಕೊಡಬೇಕು, ಆದರೆ ನಿಮ್ಮೊಬ್ಬರ ಪರವಾಗಿಯೇ ವಾದಿಸುವ ಹೊಣೆ ಅವರಿಗಿರುವುದಿಲ್ಲ. ಆದ್ದರಿಂದ ಏಜೆಂಟ್ ಇದ್ದಾರೆಯೇ ಎಂಬುದಕ್ಕಿಂತ ಅವರು ಯಾವ ಪಾತ್ರದಲ್ಲಿದ್ದಾರೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಇನ್ನು ಹಣದ ವಿಷಯ. ಕೊಳ್ಳುವವರಿಗೆ ಏಜೆಂಟ್ ಉಚಿತ, ಮಾರುವವರೇ ಎಲ್ಲ ಕೊಡುತ್ತಾರೆ ಎಂದು ನಮಗಿಂತ ಮೊದಲು ಬಂದವರು ಹೇಳುವುದನ್ನು ಕೇಳಿರುತ್ತೀರಿ. ಮಾರಾಟದ ಬೆಲೆಯಿಂದ ಶೇಕಡಾ 5 ಅಥವಾ 6ರಷ್ಟನ್ನು ಕಮಿಷನ್ ಎಂದು ತೆಗೆದು ಎರಡೂ ಕಡೆಯ ಏಜೆಂಟರು ಹಂಚಿಕೊಳ್ಳುವುದು ಬಹುಕಾಲದ ರೂಢಿಯಾಗಿತ್ತು. ಆ ಹಣ ಬರುತ್ತಿದ್ದದ್ದು ನೀವು ಕೊಟ್ಟ ಬೆಲೆಯಿಂದಲೇ ಆದ್ದರಿಂದ ಅದನ್ನು ಉಚಿತ ಎನ್ನುವುದು ಆಗಲೂ ಸರಿಯಾಗಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಮಿಸೌರಿಯ ಫೆಡರಲ್ ನ್ಯಾಯಾಲಯದ ಜ್ಯೂರಿಯೊಂದು ಈ ರೂಢಿಯ ವಿರುದ್ಧ ತೀರ್ಪು ಕೊಟ್ಟಿತು. ಬಳಿಕ ಏಜೆಂಟರ ರಾಷ್ಟ್ರೀಯ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಅದರಂತೆ 2024ರ ಆಗಸ್ಟ್ 17ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ: ಕೊಳ್ಳುವವರ ಏಜೆಂಟರಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಮನೆಗಳ ಪಟ್ಟಿಯಿರುವ ಎಂಎಲ್‌ಎಸ್‌ನಲ್ಲಿ ಪ್ರಕಟಿಸುವಂತಿಲ್ಲ, ಎಂಎಲ್‌ಎಸ್ ಬಳಸುವ ಏಜೆಂಟರು ಮನೆ ತೋರಿಸಲು ಕರೆದೊಯ್ಯುವ ಮೊದಲು ನಿಮ್ಮೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ನೀವಾಗಿಯೇ ಓಪನ್ ಹೌಸಿಗೆ ಹೋಗಿ ನೋಡಿಬರಲು ಯಾವ ಒಪ್ಪಂದವೂ ಬೇಡ.

ಈ ಒಪ್ಪಂದವನ್ನು ಫೋನಿನಲ್ಲಿ ಬಂದ ತಕ್ಷಣ ಬೆರಳಾಡಿಸಿ ಸಹಿ ಮಾಡಿಬಿಡಬೇಡಿ, ಇಡೀ ವ್ಯವಹಾರದಲ್ಲಿ ನಿಮ್ಮ ಮಾತು ಅತಿ ಹೆಚ್ಚು ನಡೆಯುವುದು ಇಲ್ಲಿಯೇ. ಕಮಿಷನ್ ಎಷ್ಟು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು, ಯಾವ ಮೂಲದಿಂದಲೂ ಏಜೆಂಟರು ಅದಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಆರು ಲಕ್ಷ ಡಾಲರಿನ ಮನೆಗೆ ಶೇಕಡಾ 3 ಎಂದರೆ 18,000 ಡಾಲರ್, ಶೇಕಡಾ 2 ಎಂದರೆ 12,000. ಕಾನೂನು ಯಾವ ದರವನ್ನೂ ಗೊತ್ತುಮಾಡಿಲ್ಲ, ಎಲ್ಲವೂ ಮಾತುಕತೆಗೆ ಬಿಟ್ಟದ್ದು, ಮತ್ತು ಈ ಮಾತು ಒಪ್ಪಂದದಲ್ಲೇ ಎದ್ದುಕಾಣುವಂತೆ ಬರೆದಿರಬೇಕು. ಈ ಹಣವನ್ನು ಮಾರುವವರೇ ಕೊಡಲಿ ಎಂದು ಆಫರಿನಲ್ಲಿ ಕೇಳಬಹುದು, ಅನೇಕರು ಈಗಲೂ ಒಪ್ಪುತ್ತಾರೆ. ಒಪ್ಪದಿದ್ದರೆ ಆ ಹಣ ನಿಮ್ಮ ಕೈಯಿಂದಲೇ ಹೋಗಬೇಕಾಗುತ್ತದೆ, ಮತ್ತು ಸಾಮಾನ್ಯವಾಗಿ ಅದನ್ನು ಗೃಹಸಾಲಕ್ಕೆ ಸೇರಿಸಲು ಬರುವುದಿಲ್ಲ. ಒಪ್ಪಂದದ ಅವಧಿಯನ್ನೂ ನೋಡಿ. ಆರು ತಿಂಗಳಿಗೆ ಬದಲಾಗಿ ಮೊದಲು ಒಂದು ತಿಂಗಳಿಗೆ, ಅಥವಾ ಒಂದೆರಡು ಮನೆಗಳಿಗೆ ಮಾತ್ರ ಮಾಡಿಕೊಳ್ಳೋಣ ಎನ್ನುವುದರಲ್ಲಿ ತಪ್ಪೇನೂ ಇಲ್ಲ, ಒಳ್ಳೆಯ ಏಜೆಂಟರು ಅದಕ್ಕೆ ಬೇಸರಪಡುವುದೂ ಇಲ್ಲ.

ಅಷ್ಟು ಹಣಕ್ಕೆ ಅವರು ಮಾಡುವ ಕೆಲಸವೇನು? ಬಾಗಿಲು ತೆರೆದು ತೋರಿಸುವುದಲ್ಲ. ಅದೇ ಬಡಾವಣೆಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳನ್ನು ಮುಂದಿಟ್ಟು ಇದಕ್ಕೆ ಎಷ್ಟು ಕೊಡಬಹುದು ಎಂದು ಹೇಳುವುದು, ಅದಕ್ಕಿಂತ ಮುಖ್ಯವಾಗಿ, ಆಫರಿನ ಷರತ್ತುಗಳನ್ನು ಕಟ್ಟುವುದು. ಇಲ್ಲಿ ಕಂಟಿಂಜೆನ್ಸಿ ಎನ್ನುವ ಷರತ್ತುಗಳೇ ನಿಮ್ಮ ರಕ್ಷಣೆ. ನೀವು 6,20,000 ಡಾಲರಿಗೆ ಆಫರ್ ಕೊಟ್ಟು ಬ್ಯಾಂಕಿನ ಅಪ್ರೈಸಲ್, ಅಂದರೆ ಮನೆಯ ಮೌಲ್ಯಮಾಪನ, 6,00,000ಕ್ಕೆ ಬಂತು ಎಂದುಕೊಳ್ಳಿ. ಬ್ಯಾಂಕ್ ಸಾಲವನ್ನು ಲೆಕ್ಕ ಹಾಕುವುದು ಕಡಿಮೆ ಮೊತ್ತದ ಮೇಲೆ, ಉಳಿದ 20,000 ಡಾಲರನ್ನು ನೀವು ಹೊಂದಿಸಬೇಕು. ಅಪ್ರೈಸಲ್ ಷರತ್ತು ಇದ್ದರೆ ಬೆಲೆ ಇಳಿಸುವಂತೆ ಕೇಳಬಹುದು, ಇಲ್ಲವೇ ಮುಂಗಡವಾಗಿ ಕೊಟ್ಟ ಅರ್ನೆಸ್ಟ್ ಮನಿಯೊಂದಿಗೆ ಹಿಂದೆ ಸರಿಯಬಹುದು. ಪೈಪೋಟಿಯ ಭರದಲ್ಲಿ ಆ ಷರತ್ತನ್ನು ಬಿಟ್ಟುಕೊಟ್ಟಿದ್ದರೆ ಆ ದಾರಿ ಮುಚ್ಚಿರುತ್ತದೆ. ಟೆಕ್ಸಸ್‌ನಲ್ಲಿ ಸಣ್ಣ ಶುಲ್ಕ ಕೊಟ್ಟು ಪಡೆಯುವ ಆಪ್ಷನ್ ಅವಧಿಯೊಳಗೆ ಕಾರಣವನ್ನೇ ಹೇಳದೆ ಹಿಂದೆ ಸರಿಯುವ ಹಕ್ಕಿದೆ, ಆದರೆ ಆ ದಿನಗಳೊಳಗೆ ಇನ್‌ಸ್ಪೆಕ್ಟರನ್ನು ಕರೆಸಿ, ಛಾವಣಿ, ಅಡಿಪಾಯಗಳ ವರದಿ ತರಿಸಿ, ದುರಸ್ತಿಯ ಬಗ್ಗೆ ಮಾತುಕತೆ ಮುಗಿಸಬೇಕು. ಗಡುವುಗಳ ಈ ಸರಪಣಿಯಲ್ಲಿ ಒಂದು ದಿನ ತಪ್ಪಿದರೂ ನಷ್ಟ ಸಾವಿರಾರು ಡಾಲರಿನದು. ಆಫೀಸಿನ ಕೆಲಸದ ನಡುವೆ, ಮೊದಲ ಸಲ ಮನೆ ಕೊಳ್ಳುವವರೊಬ್ಬರು ಇದೆಲ್ಲವನ್ನೂ ತಾವೇ ನಿಭಾಯಿಸುವುದು ಕಷ್ಟ.

ಬಿಲ್ಡರ್‌ಗಳಿಂದ ಹೊಸ ಮನೆ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಮಾಡೆಲ್ ಮನೆಯಲ್ಲಿ ಕುಳಿತಿರುವವರು ಬಿಲ್ಡರ್‌ನ ಪ್ರತಿನಿಧಿ, ಅವರು ಮುಂದಿಡುವ ಕರಾರುಪತ್ರ ಬಿಲ್ಡರ್‌ನ ವಕೀಲರು ಬರೆದದ್ದು. ಏಜೆಂಟರನ್ನು ಇಟ್ಟುಕೊಳ್ಳುವುದಾದರೆ ಮೊದಲ ಭೇಟಿಗೇ ಜೊತೆಗೆ ಕರೆದೊಯ್ಯಿರಿ, ಏಕೆಂದರೆ ಮೊದಲ ದಿನ ನೋಂದಾಯಿಸದ ಏಜೆಂಟರಿಗೆ ಅನೇಕ ಬಿಲ್ಡರ್‌ಗಳು ಕಮಿಷನ್ ಕೊಡುವುದಿಲ್ಲ.

ನಮ್ಮವರು ಏಜೆಂಟರನ್ನು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು ಆ ಬಡಾವಣೆಯಲ್ಲಿ ಭಾರತೀಯರು ಎಷ್ಟಿದ್ದಾರೆ ಎಂಬುದು. ಅವರು ಉತ್ತರಿಸದೆ ನುಣುಚಿಕೊಂಡರೆ ಅದನ್ನು ಅಸಡ್ಡೆಯೆಂದು ತಿಳಿಯಬೇಡಿ. 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯ ಮೂಲಗಳ ಆಧಾರದಲ್ಲಿ ಕೊಳ್ಳುವವರನ್ನು ಒಂದು ಬಡಾವಣೆಯತ್ತ ತಿರುಗಿಸುವುದು ಕಾನೂನುಬಾಹಿರವಾದ್ದರಿಂದ ಎಚ್ಚರವುಳ್ಳ ಏಜೆಂಟರು ಆ ಮಾತನ್ನೇ ಆಡುವುದಿಲ್ಲ. ಅದನ್ನು ಸಂಜೆ ಹೊತ್ತು ಅಲ್ಲಿ ಒಂದು ಸುತ್ತು ನಡೆದು ನೀವೇ ತಿಳಿದುಕೊಳ್ಳಬೇಕು.

ಕೂಟದಲ್ಲಿ ಪರಿಚಯವಾದ ಕನ್ನಡಿಗರೇ ಏಜೆಂಟ್ ಆಗಿದ್ದರೆ ಮಾತು ಸಲೀಸು, ವಿಶ್ವಾಸವೂ ಬೇಗ ಬೆಳೆಯುತ್ತದೆ. ಆದರೆ ದಾಕ್ಷಿಣ್ಯವೂ ಜೊತೆಗೇ ಬರುತ್ತದೆ. ನಮ್ಮ ಮನೆಗೆ ಊಟಕ್ಕೆ ಬಂದವರನ್ನು ಕಮಿಷನ್ ಎಷ್ಟು ಎಂದು ಹೇಗೆ ಕೇಳುವುದು ಎಂದು ಸಂಕೋಚಪಟ್ಟು, ಆಮೇಲೆ ವರ್ಷಗಟ್ಟಲೆ ಮನಸ್ಸಿನಲ್ಲಿ ಕೊರಗುವವರನ್ನು ಕಂಡಿದ್ದೇನೆ. ದಯವಿಟ್ಟು ಕೇಳಿ. ರಾಜ್ಯದ ಲೈಸೆನ್ಸ್ ಇಲಾಖೆಯ ಜಾಲತಾಣದಲ್ಲಿ ಅವರ ಹೆಸರನ್ನು ಹುಡುಕಿ ನೋಡಿ, ಕಳೆದ ವರ್ಷ ಇದೇ ಪ್ರದೇಶದಲ್ಲಿ ಎಷ್ಟು ಮಂದಿಗೆ ಮನೆ ಕೊಡಿಸಿದ್ದೀರಿ ಎಂದು ವಿಚಾರಿಸಿ, ಈ ಮನೆ ಬೇಡ ಎಂದು ಅವರಾಗಿಯೇ ತಡೆದ ಸಂದರ್ಭವಿದೆಯೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ನಾನು ಎಲ್ಲಕ್ಕಿಂತ ಹೆಚ್ಚು ತಿಳಿದುಕೊಂಡಿದ್ದೇನೆ.

ಏಜೆಂಟ್ ಇಲ್ಲದೆಯೂ ಕೊಳ್ಳಬಹುದಾದ ಸಂದರ್ಭಗಳಿಲ್ಲವೆಂದಲ್ಲ. ನೀವು ಬಾಡಿಗೆಗಿರುವ ಮನೆಯನ್ನೇ ಮಾಲೀಕರು ನಿಮಗೆ ಮಾರಲು ಮುಂದಾದರೆ, ಅಥವಾ ಇದು ನಿಮ್ಮ ಎರಡನೆಯ, ಮೂರನೆಯ ಮನೆಯಾಗಿದ್ದರೆ, ರಿಯಲ್ ಎಸ್ಟೇಟ್ ವಕೀಲರಿಗೆ ನಿಗದಿತ ಶುಲ್ಕ ಕೊಟ್ಟು ಕಾಗದಪತ್ರ ಮಾಡಿಸಿಕೊಳ್ಳುವುದು ಅಗ್ಗವೂ ಹೌದು, ಕ್ಷೇಮವೂ ಹೌದು. ನ್ಯೂಯಾರ್ಕಿನಲ್ಲಿ ಕರಾರನ್ನು ವಕೀಲರೇ ಸಿದ್ಧಪಡಿಸುವುದು ವಾಡಿಕೆ. ನ್ಯೂಜೆರ್ಸಿಯಲ್ಲಿ ಏಜೆಂಟರು ಬರೆದ ಕರಾರನ್ನು ವಕೀಲರು ಪರಿಶೀಲಿಸಿ ತಿರಸ್ಕರಿಸಲು ಮೂರು ಕೆಲಸದ ದಿನಗಳ ಅವಕಾಶವಿದೆ. ಹಾಗೆ ಏಜೆಂಟರಿಲ್ಲದೆ ಮುಂದುವರಿಯುವುದಾದರೆ, ಉಳಿಯುವ ಕಮಿಷನ್ ಹಣ ತಾನಾಗಿಯೇ ನಿಮಗೆ ಬರುತ್ತದೆ ಎಂದು ಭಾವಿಸದೆ, ಅಷ್ಟು ಮೊತ್ತವನ್ನು ಬೆಲೆಯಲ್ಲಿ ಇಳಿಸಬೇಕು ಎಂದು ಮೊದಲ ಆಫರಿನಲ್ಲೇ ಬರೆದು ಕೇಳಿ.