ಹೊಸ ಮನೆಗೆ ಕಟ್ಟಿಗೆ ಬಾಯ್ಲರ್: ಯೋಜನೆ ಸೌದೆ ಕೊಟ್ಟಿಗೆಯಿಂದ ಆರಂಭವಾಗಲಿ

ಚಳಿ ದೇಶಗಳಲ್ಲಿ ಕಟ್ಟಿಗೆ ಬಾಯ್ಲರ್ ಇರುವುದು ಕೊಳವೆಗಳಲ್ಲಿ ಬಿಸಿನೀರು ಹರಿಸಿ ಮನೆಯ ಕೋಣೆಗಳನ್ನು ಬೆಚ್ಚಗಿಡಲಿಕ್ಕೆ. ಜನವರಿಯ ನಸುಕಿನಲ್ಲೂ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವ ಮಂಗಳೂರು, ಉಡುಪಿಯ ಮನೆಗಳಿಗೆ ಬೇಕಾದದ್ದು ಸ್ನಾನದ ಬಿಸಿನೀರು ಮಾತ್ರ. ಹೆಚ್ಚಿನವರು ಮನೆಯೊಕ್ಕಲಿನ ದಿನ ಹತ್ತಿರವಾದಾಗ ಬಾಯ್ಲರ್ ಕೊಂಡು ತಂದು, ಆಮೇಲೆ ಅದಕ್ಕೆ ಜಾಗ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಿ, ನಕ್ಷೆ ಬರೆಯುವಾಗಲೇ ಮೊದಲು ಕಟ್ಟಿಗೆಗೆ ಜಾಗ, ನಂತರ ಹೊಗೆಗೆ ದಾರಿ, ಅದರ ನಂತರ ಹಬೆಗೆ ದಾರಿ ಗುರುತಿಸಿ, ಬಾಯ್ಲರನ್ನು ಕೊನೆಗೆ ಆರಿಸುವುದು ಒಳ್ಳೆಯದು.

ಗಾತ್ರದ ಲೆಕ್ಕ ಸರಳವಾಗಿದೆ. ಒಬ್ಬರ ಸ್ನಾನಕ್ಕೆ 40 ಡಿಗ್ರಿಯ 40 ಲೀಟರ್ ನೀರು ಸಾಕೆಂದು ಇಟ್ಟುಕೊಂಡರೆ, 27 ಡಿಗ್ರಿಯ ಬಾವಿ ನೀರಿಗೆ ಬೆರೆಸಲು 60 ಡಿಗ್ರಿಯ ನೀರು ಸುಮಾರು 16 ಲೀಟರ್ ಬೇಕು. ನಾಲ್ವರಿಗೆ 64 ಲೀಟರ್ ಆಗುವುದರಿಂದ 80 ರಿಂದ 100 ಲೀಟರಿನ ಬಾಯ್ಲರ್ ಧಾರಾಳವಾಯಿತು. ಅಂಗಡಿಯವರು 200 ಲೀಟರಿನದ್ದನ್ನು ತೋರಿಸಿದರೆ ಒಪ್ಪಬೇಕಾಗಿಲ್ಲ. ನೂರು ಲೀಟರ್ ನೀರನ್ನು 27 ರಿಂದ 60 ಡಿಗ್ರಿಗೆ ಏರಿಸಲು ಸುಮಾರು 3.8 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ) ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್ ಶಾಖ ಇರುತ್ತದೆಯಾದರೂ, ಅದರಲ್ಲಿ ಶೇ. 40ರಷ್ಟು ಮಾತ್ರ ನೀರಿಗೆ ಸೇರುತ್ತದೆಂದು ಹಿಡಿದರೆ, ದಿನಕ್ಕೆ ಎರಡೂವರೆ ಕಿಲೋದಷ್ಟು ಕಟ್ಟಿಗೆ ಉರಿಯುತ್ತದೆ. ಬಚ್ಚಲಿನಲ್ಲಿ ಕಟ್ಟಿ ಕೂರಿಸಿದ ಹಳೆಯ ತಾಮ್ರದ ಹಂಡೆಗೆ ಇದರ ಇಮ್ಮಡಿಗೂ ಹೆಚ್ಚು ಬೇಕಾದೀತು, ಏಕೆಂದರೆ ಅಲ್ಲಿ ಬೆಂಕಿ ತಳವನ್ನು ಸವರಿ ಹೋಗುತ್ತದೆಯೇ ಹೊರತು ಬಾಯ್ಲರಿನಂತೆ ನೀರಿನ ನಡುವಿನ ಕೊಳವೆಯಲ್ಲಿ ಏರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳಿಗೆ ಹೀಗೆ ಸುಮಾರು 300 ಕಿಲೋ ಕಟ್ಟಿಗೆ ಬೇಕಾಗುತ್ತದೆ. ಅಟ್ಟಿ ಪೇರಿಸಿದರೆ ಅದು ಒಂದು ಘನ ಮೀಟರಿನ ಆಸುಪಾಸಿಗೆ ಬರುತ್ತದೆ. ಒಂದೂವರೆ ಘನ ಮೀಟರಿನ ಜಾಗ ಇಟ್ಟುಕೊಂಡರೆ ನೆಂಟರು ಬಂದಾಗಲೂ ಚಿಂತೆಯಿಲ್ಲ. ಈ ಕೊಟ್ಟಿಗೆಯ ನೆಲ ಅಂಗಳಕ್ಕಿಂತ ಒಂದಡಿ ಎತ್ತರದಲ್ಲಿರಬೇಕು, ಪಡುವಣ ಬದಿ ಮುಚ್ಚಿರಬೇಕು, ಉಳಿದ ಕಡೆ ಗಾಳಿಯಾಡಬೇಕು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಬೆಂಕಿಯ ಬಲದ ಒಂದು ಪಾಲು ಆ ನೀರನ್ನು ಹಬೆಯಾಗಿಸುವುದರಲ್ಲಿ ಕಳೆದು, ಪೂರ್ತಿ ಉರಿಯದ ಹೊಗೆ ಚಿಮಣಿಯ ಒಳಗೆ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಆದ್ದರಿಂದ ಕಟ್ಟಿಗೆಯನ್ನು ಡಿಸೆಂಬರಿನಲ್ಲಿ ಸೀಳಿ, ಬೇಸಗೆಯ ಬಿಸಿಲಿನಲ್ಲಿ ಒಣಗಿಸಿ, ಮೇ ಮಧ್ಯದೊಳಗೆ ಒಳಗೆ ಸೇರಿಸಬೇಕು.

ಹಿತ್ತಲಿನ ತೆಂಗು ಎಷ್ಟು ಉರುವಲು ಕೊಟ್ಟೀತು ಎಂಬುದನ್ನೂ ಲೆಕ್ಕ ಹಾಕಬಹುದು. ಒಂದು ಮರ ತಿಂಗಳಿಗೆ ಸರಿಸುಮಾರು ಒಂದು ಮಡಲು ಉದುರಿಸುವುದರಿಂದ, ಹತ್ತು ಮರಗಳಿರುವಲ್ಲಿ ಮೂರು ದಿನಕ್ಕೊಂದು ಸಿಗುತ್ತದೆ. ಸೋಗೆ ಬೆಂಕಿ ಹಿಡಿಸಲು, ಕೊತ್ತಳಿಗೆ ಉರಿ ನಿಲ್ಲಿಸಲು ಒಳ್ಳೆಯದು. ಗೆರಟೆ ಬಹಳ ಖಾರವಾಗಿ ಉರಿಯುವುದರಿಂದ ಒಮ್ಮೆಗೆ ನಾಲ್ಕೈದಕ್ಕಿಂತ ಹೆಚ್ಚು ತುರುಕಬಾರದು. ಗೋಡಂಬಿ ಕಾರ್ಖಾನೆಗಳ ನೆರೆಯಲ್ಲಿ ಗೇರುಬೀಜದ ಸಿಪ್ಪೆ ಅಗ್ಗಕ್ಕೆ ಸಿಕ್ಕರೂ ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆಯೂ ಕಣ್ಣು ಗಂಟಲುಗಳಿಗೆ ಕೆಟ್ಟದ್ದು. ಮನೆಯ ಒಲೆಗೆ ಅದು ಬೇಡವೇ ಬೇಡ.

ಮಳೆಗಾಲದ ಗಾಳಿ ಪಡುವಣ ಮತ್ತು ನೈಋತ್ಯದಿಂದ ಬೀಸಿದರೆ, ಚಳಿಗಾಲದ ಬೆಳಗ್ಗೆ ನೆಲದಿಂದ ಕಡಲಿನತ್ತ ಬೀಸುತ್ತದೆ. ಎರಡೂ ಕಾಲದಲ್ಲಿ ಹೊಗೆ ಮನೆಯ ಮೇಲೆ ಬರುವುದು ಕಡಿಮೆಯಾಗಬೇಕಾದರೆ ಬಚ್ಚಲು ವಾಯವ್ಯದ ಕಡೆ ಇರುವುದು ವಾಸಿ. ವಾಸ್ತು ನೋಡುವವರು ಬೆಂಕಿಗೆ ಆಗ್ನೇಯವನ್ನೇ ಹೇಳಬಹುದು. ಅಲ್ಲಿಟ್ಟರೆ ಚಿಮಣಿಯನ್ನು ಇನ್ನಷ್ಟು ಎತ್ತರಿಸಿ ರಾಜಿ ಮಾಡಿಕೊಳ್ಳಬೇಕಾಗುತ್ತದೆ. ಒಲೆಯ ಬಾಯಿ ಮಾತ್ರ ಎಲ್ಲಿಟ್ಟರೂ ಸ್ನಾನದ ಕೋಣೆಯ ಹೊರಗೇ ಇರತಕ್ಕದ್ದು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಮನುಷ್ಯನಿಗೆ ಅದು ತಿಳಿಯುವುದೂ ಇಲ್ಲ. ಚಿಮಣಿ ಮಾಡನ್ನು ದಾಟುವಲ್ಲಿ ಕನಿಷ್ಠ ಮೂರಡಿ ಎತ್ತರ, ಹತ್ತಡಿಯೊಳಗಿನ ಯಾವುದೇ ಭಾಗಕ್ಕಿಂತ ಎರಡಡಿ ಎತ್ತರ ಇರಲಿ. ಹಂಚಿನ ಮಾಡಾದರೆ ಪಕಾಸು, ರೀಪುಗಳಿಂದ ಒಂದೂವರೆ ಅಡಿ ದೂರವಿಡುವುದು ಅಗತ್ಯ. ಉಪ್ಪು ಗಾಳಿಗೆ ಕಬ್ಬಿಣದ ತಗಡು ಬೇಗ ತುಕ್ಕು ಹಿಡಿದು ತೂತಾಗುತ್ತದೆ; ಕಡಲತಡಿಯಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ 304ಕ್ಕಿಂತ ಹೆಚ್ಚು ತಾಳುತ್ತದೆ.

ಇನ್ನು ಹಬೆಯ ದಾರಿ. ಗೀಸರಿನ ಬಿಸಿಯನ್ನು ಥರ್ಮೋಸ್ಟಾಟ್ ತಡೆಯುತ್ತದೆ, ಕಟ್ಟಿಗೆಯ ಬೆಂಕಿಗೆ ಸ್ವಿಚ್ ಇಲ್ಲ. ಆದಕಾರಣ ಬಾಯ್ಲರಿನ ನೆತ್ತಿಯಿಂದ ಹೊರಟ ಒಂದು ಕೊಳವೆ ಯಾವ ವಾಲ್ವೂ ಇಲ್ಲದೆ ನೇರ ಆಕಾಶಕ್ಕೆ ತೆರೆದಿರಬೇಕು; ಅದರ ತುದಿ ತಾರಸಿಯ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎರಡು ಮೂರಡಿ ಮೇಲಿರಬೇಕು. ನಮ್ಮ ಮನೆಯಲ್ಲಿ ಕೊಳಾಯಿ ಕೆಲಸದವರು ಅದನ್ನು ಆ ನೀರಿನ ಮಟ್ಟಕ್ಕಿಂತ ಒಂದು ಗೇಣು ತಗ್ಗಿಸಿ ನಿಲ್ಲಿಸಿದ್ದರಿಂದ, ಟ್ಯಾಂಕ್ ತುಂಬಿದಾಗಲೆಲ್ಲ ನೀರು ಮಾಡಿನ ಮೇಲೆ ಸುರಿಯುತ್ತಿತ್ತು. ಅದನ್ನು ನಿಲ್ಲಿಸಲು ತುದಿಗೊಂದು ಮುಚ್ಚಳ ಹಾಕೋಣವೆಂದು ಅವರೇ ಸಲಹೆ ಕೊಟ್ಟರು! ಮುಚ್ಚಿದ್ದರೆ ಬಾಯ್ಲರ್ ಸಿಡಿಯುವ ಸಾಧ್ಯತೆಯಿತ್ತು. ಕೊಳವೆಯನ್ನು ಎತ್ತರಿಸಿದ ಮೇಲೆ ಸರಿಹೋಯಿತು. ಒತ್ತಡದ ಪಂಪ್ ಇರುವ ಮನೆಯಲ್ಲಿ ಬಾಯ್ಲರಿಗೆ ಪಂಪಿನ ಸಂಪರ್ಕ ಕೊಡದೆ, ಟ್ಯಾಂಕಿನಿಂದ ತಾನಾಗಿ ಇಳಿಯುವ ಬೇರೆಯೇ ಕೊಳವೆ ಎಳೆಯಬೇಕು.

ಬಾಯ್ಲರಿನಿಂದ ಹೊರಡುವ ಮೊದಲ ಎರಡು ಮೂರು ಮೀಟರ್ ಲೋಹದ ಕೊಳವೆಯೇ ಆಗಿರಲಿ. ಕುದಿಯುವ ನೀರಿಗೆ ಸಿಪಿವಿಸಿಯೂ (ಬಿಸಿನೀರಿಗೆಂದು ಬಳಸುವ ಪ್ಲಾಸ್ಟಿಕ್ ಕೊಳವೆ) ತಕ್ಕದ್ದಲ್ಲ. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಹುಳಿ ಗುಣದ್ದಾದ್ದರಿಂದ ಸತು ಲೇಪಿಸಿದ ಕಬ್ಬಿಣ ಬೇಗ ಕೆಡುತ್ತದೆ, ತಾಮ್ರದ ಬಾಯ್ಲರಿನಿಂದ ಬಂದ ನೀರು ಅದರಲ್ಲಿ ಹರಿದರಂತೂ ಇನ್ನೂ ಬೇಗ. ಬೇಸಗೆಯಲ್ಲಿ ನೀರು ಉಪ್ಪಾಗುವ ಅಳಿವೆ ಬದಿಯವರು ಸ್ಟೇನ್‌ಲೆಸ್ ಬಾಯ್ಲರಿಗಿಂತ ತಾಮ್ರದ್ದನ್ನೇ ಆರಿಸುವುದು ಕ್ಷೇಮ. ಮೊದಲ ಸಲ ಬೆಂಕಿ ಹಾಕುವ ಮುನ್ನ ನಲ್ಲಿ ತಿರುಗಿಸಿ, ಧಾರೆ ತುಂಡಾಗದೆ ಬರುತ್ತಿರುವುದನ್ನು ನೋಡಿ ಬಾಯ್ಲರ್ ತುಂಬಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕಡ್ಡಿ ಗೀರಬೇಕು.